ಒರಗುಮಂಚದ ಎರಡು ಬದಿ: ಅಮೆರಿಕದ ಹಾಸ್ಯಚಿತ್ರಗಳಲ್ಲಿ ರೋಗಿ ಮತ್ತು ಮನೋಚಿಕಿತ್ಸಕ

ಮನಸ್ಸಿನ ನೋವಿಗೆ ಮದ್ದು ಬೇಡಿ ಬಂದ ಒಬ್ಬ ರೋಗಿ, ಅವನ ಮಾತು ಕೇಳಲು ಕುಳಿತ ಒಬ್ಬ ಚಿಕಿತ್ಸಕ, ಇಬ್ಬರನ್ನೂ ಹೊರಜಗತ್ತಿನಿಂದ ಬೇರ್ಪಡಿಸಿದ ಒಂದು ಕೋಣೆ, ಇವಿಷ್ಟನ್ನೇ ಬಂಡವಾಳ ಮಾಡಿಕೊಂಡ ಹಾಸ್ಯಚಿತ್ರಗಳ ಪರಂಪರೆಯೊಂದು ಅಮೆರಿಕದಲ್ಲಿ ಆರೇಳು ದಶಕಗಳ ಕಾಲ ಬೆಳೆದುಬಂದಿದೆ. ಸ್ವಭಾವದಲ್ಲಿ, ಅಭಿನಯದ ಶೈಲಿಯಲ್ಲಿ, ಪ್ರೇಕ್ಷಕರ ಮನಸ್ಸಿನಲ್ಲಿ ಗಳಿಸಿಕೊಂಡಿರುವ ಸ್ಥಾನದಲ್ಲಿ ಒಬ್ಬರಿಗೊಬ್ಬರು ಸ್ವಲ್ಪವೂ ಹೊಂದದ ಇಬ್ಬರು ತಾರೆಯರನ್ನು ಆರಿಸಿ, ಒಬ್ಬರನ್ನು ರೋಗಿಯ ಜಾಗದಲ್ಲೂ ಇನ್ನೊಬ್ಬರನ್ನು ಚಿಕಿತ್ಸಕರ ಜಾಗದಲ್ಲೂ ಕೂರಿಸುವುದು ಈ ಪರಂಪರೆಯ ಮುಖ್ಯ ತಂತ್ರವಾಗಿದ್ದು, ರಾಬರ್ಟ್ ಡಿ ನಿರೋ ಮತ್ತು ಬಿಲ್ಲಿ ಕ್ರಿಸ್ಟಲ್ ಜೊತೆಯಾಗಿ ನಟಿಸಿದ 1999ರ 'ಅನಲೈಜ್ ದಿಸ್' ಅದರ ಅತ್ಯಂತ ಪಕ್ವವಾದ ಫಲವಾಗಿದೆ. ಮನೋಚಿಕಿತ್ಸೆಯನ್ನು ವಸ್ತುವಾಗಿ ತೆಗೆದುಕೊಂಡ ಗಂಭೀರ ಚಿತ್ರಗಳು ಬಹುಮಟ್ಟಿಗೆ ರೋಗದ ರಹಸ್ಯವನ್ನೂ ಅದನ್ನು ಭೇದಿಸುವ ವೈದ್ಯರ ಚಾತುರ್ಯವನ್ನೂ ಹಿಂಬಾಲಿಸಿದರೆ, ಆ ಚಿಕಿತ್ಸೆ ಮೂಲತಃ ಇಬ್ಬರು ಮನುಷ್ಯರ ನಡುವಿನ ಸಂಬಂಧವೆಂಬುದನ್ನೂ ಆ ಸಂಬಂಧದಲ್ಲಿ ಇಬ್ಬರೂ ಬದಲಾಗುತ್ತಾರೆಂಬುದನ್ನೂ ಬಿಡದೆ ನೆನಪಿಸಿದ್ದು ಈ ಹಾಸ್ಯಚಿತ್ರಗಳೇ. ಆದ್ದರಿಂದ ಇವುಗಳ ಚರಿತ್ರೆಯನ್ನು ಮನರಂಜನೆಯ ಚರಿತ್ರೆಯಾಗಿ ಓದುವಂತೆಯೇ, ಒಂದು ಸಮಾಜ ತನ್ನ ಮನಸ್ಸಿನ ಅಳುಕುಗಳನ್ನು ಬಾಯಿಬಿಟ್ಟು ಹೇಳಲು ಕಲಿತ ಚರಿತ್ರೆಯಾಗಿಯೂ ಓದಬೇಕಾಗುತ್ತದೆ.

ಚಲನಚಿತ್ರ ಮತ್ತು ಮನೋವಿಶ್ಲೇಷಣೆ ಹೆಚ್ಚುಕಡಿಮೆ ಒಂದೇ ವಯಸ್ಸಿನವು. ಲ್ಯೂಮಿಯೇರ್ ಸೋದರರು ಪ್ಯಾರಿಸ್ಸಿನಲ್ಲಿ ಹಣ ತೆತ್ತ ಪ್ರೇಕ್ಷಕರಿಗೆ ಮೊದಲ ಪ್ರದರ್ಶನ ನೀಡಿದ 1895ರಲ್ಲೇ ವಿಯೆನ್ನಾದ ವೈದ್ಯರಾದ ಯೋಸೆಫ್ ಬ್ರಾಯರ್ ಮತ್ತು ಸಿಗ್ಮಂಡ್ ಫ್ರಾಯ್ಡ್ ಹಿಸ್ಟೀರಿಯಾ ಕುರಿತ ತಮ್ಮ ಅಧ್ಯಯನಗಳನ್ನು ಪ್ರಕಟಿಸಿದರು. ಮನುಷ್ಯ ಮರೆತೆನೆಂದುಕೊಂಡ ಅನುಭವಗಳು ಮನಸ್ಸಿನ ಅರಿವಿಗೆ ಬಾರದ ಪದರದಲ್ಲಿ ಉಳಿದು ರೋಗಲಕ್ಷಣಗಳಾಗಿ ತಲೆಯೆತ್ತುತ್ತವೆ, ರೋಗಿ ತೋಚಿದ್ದನ್ನೆಲ್ಲ ಅಡೆತಡೆಯಿಲ್ಲದೆ ಮಾತಾಡುತ್ತ ಹೋದಂತೆ ಅವು ಹೊರಬಂದು ಲಕ್ಷಣಗಳು ಸಡಿಲಗೊಳ್ಳುತ್ತವೆ ಎಂಬ ವಿಚಾರವೇ ಮುಂದೆ ಮನೋವಿಶ್ಲೇಷಣೆ ಎಂಬ ಹೆಸರಿನಿಂದ ಬೆಳೆಯಿತು. ರೋಗಿ ಒರಗುಮಂಚದ ಮೇಲೆ ಮಲಗಿ ಮಾತಾಡುವುದು, ವಿಶ್ಲೇಷಕ ಅವನ ಕಣ್ಣಿಗೆ ಬೀಳದಂತೆ ತಲೆಯ ಹಿಂಬದಿಯಲ್ಲಿ ಕುರ್ಚಿ ಹಾಕಿಕೊಂಡು ಕೇಳುವುದು ಈ ಪದ್ಧತಿಯ ಏರ್ಪಾಡಾಗಿತ್ತು. ಮುಂದೆ ವ್ಯಂಗ್ಯಚಿತ್ರಕಾರರಿಗೂ ಹಾಸ್ಯಚಿತ್ರಕಾರರಿಗೂ ಇಡೀ ಮನೋವೈದ್ಯಕೀಯದ ಗುರುತಾಗಿ ಒದಗಿಬಂದದ್ದು ಈ ಮಂಚ ಮತ್ತು ಈ ಕುರ್ಚಿಯೇ. 1909ರ ಸೆಪ್ಟೆಂಬರಿನಲ್ಲಿ ಫ್ರಾಯ್ಡ್ ಮ್ಯಾಸಚೂಸೆಟ್ಸ್ ರಾಜ್ಯದ ವುಸ್ಟರ್‌ನಲ್ಲಿರುವ ಕ್ಲಾರ್ಕ್ ವಿಶ್ವವಿದ್ಯಾಲಯದಲ್ಲಿ ಐದು ಉಪನ್ಯಾಸಗಳನ್ನು ನೀಡಿದ ಮೇಲೆ ಈ ವಿದ್ಯೆ ಅಮೆರಿಕದಲ್ಲಿ ಬೇರೂರಲಾರಂಭಿಸಿತು.

ಆದರೆ ಫ್ರಾಯ್ಡ್ ಅಮೆರಿಕಕ್ಕೆ ಕಾಲಿಡುವ ಮೊದಲೇ ಅಲ್ಲಿನ ಸಿನಿಮಾ ಮನೋವೈದ್ಯನನ್ನು ನಗೆಯ ಪಾತ್ರವಾಗಿಸಿಕೊಂಡಿತ್ತು. ಬಯೋಗ್ರಾಫ್ ಸಂಸ್ಥೆ 1906ರಲ್ಲಿ ತಯಾರಿಸಿದ 'ಡಾಕ್ಟರ್ ಡಿಪ್ಪೀಸ್ ಸ್ಯಾನಿಟೇರಿಯಂ' ಎಂಬ ಕಿರುಚಿತ್ರದಲ್ಲಿ ಮಾನಸಿಕ ಚಿಕಿತ್ಸಾಲಯದ ರೋಗಿಗಳು ಹೊಸದಾಗಿ ಬಂದ ಕಾವಲುಗಾರನನ್ನು ಅಟ್ಟಾಡಿಸುತ್ತಾರೆ; ಕೊನೆಗೆ ವೈದ್ಯ ಅವರಿಗೆಲ್ಲ ತಿನ್ನಲು ಕಡುಬು ಹಂಚಿ ಸಮಾಧಾನಪಡಿಸುತ್ತಾನೆ. ಮನೋವೈದ್ಯ ಇರ್ವಿಂಗ್ ಶ್ನೈಡರ್ 1987ರಲ್ಲಿ ಸಿನಿಮಾದ ಮನೋವೈದ್ಯರನ್ನು ಮೂರು ವರ್ಗಗಳಾಗಿ ವಿಂಗಡಿಸಿದಾಗ ಮೊದಲನೆಯದಕ್ಕೆ ಈ ಡಿಪ್ಪಿಯ ಹೆಸರನ್ನೇ ಇಟ್ಟರು. ರೋಗಿಗಳಿಗಿಂತ ತಾನೇ ವಿಚಿತ್ರನಾದರೂ ನಿರಪಾಯಕಾರಿಯಾದ ಡಾಕ್ಟರ್ ಡಿಪ್ಪಿ, ತನ್ನ ವಿದ್ಯೆಯನ್ನು ಕೇಡಿಗೆ ಬಳಸುವ ಡಾಕ್ಟರ್ ಈವಿಲ್, ಅಪಾರ ಸಹನೆಯಿಂದ ರೋಗಿಯನ್ನು ಪಾರುಮಾಡುವ ಡಾಕ್ಟರ್ ವಂಡರ್‌ಫುಲ್ ಎಂಬ ಈ ಮೂರು ಮಾದರಿಗಳು ಮುಂದಿನ ಚರ್ಚೆಗೂ ಉಪಯುಕ್ತವಾಗಿವೆ.

ಫ್ರಾಯ್ಡ್ ಸ್ವತಃ ಸಿನಿಮಾವನ್ನು ನಂಬಲಿಲ್ಲ. ಹಾಲಿವುಡ್ಡಿನ ನಿರ್ಮಾಪಕ ಸ್ಯಾಮುಯೆಲ್ ಗೋಲ್ಡ್‌ವಿನ್ 1920ರ ದಶಕದ ನಡುವಿನಲ್ಲಿ ಚರಿತ್ರೆಯ ಮಹಾಪ್ರೇಮಕಥೆಗಳ ಚಿತ್ರಕ್ಕೆ ಸಲಹೆ ನೀಡಲೆಂದು 1,00,000 ಡಾಲರ್ ಕೊಡಮುಂದಾದಾಗ ಅವರು ಆತನನ್ನು ಭೇಟಿಯಾಗಲೂ ಒಪ್ಪಲಿಲ್ಲ. ಜರ್ಮನಿಯ ನಿರ್ದೇಶಕ ಗಿಯೋರ್ಗ್ ವಿಲ್ಹೆಲ್ಮ್ ಪಾಬ್ಸ್ಟ್ 1926ರಲ್ಲಿ, ಫ್ರಾಯ್ಡ್ ಅವರ ನಿಕಟ ಸಹವರ್ತಿಗಳಾದ ಕಾರ್ಲ್ ಅಬ್ರಹಾಂ ಮತ್ತು ಹಾನ್ಸ್ ಸಾಕ್ಸ್ ಅವರ ನೆರವಿನಿಂದಲೇ, ಮನೋವಿಶ್ಲೇಷಣೆಯನ್ನು ಕುರಿತು 'ಸೀಕ್ರೆಟ್ಸ್ ಆಫ್ ಎ ಸೋಲ್' ಎಂದು ಇಂಗ್ಲಿಷಿನಲ್ಲಿ ಹೆಸರಾದ ಚಿತ್ರವನ್ನು ತೆಗೆದಾಗಲೂ, ತಮ್ಮ ಅಮೂರ್ತ ಪರಿಕಲ್ಪನೆಗಳನ್ನು ಕಣ್ಣಿಗೆ ಕಾಣುವ ರೂಪಕ್ಕಿಳಿಸಲು ಸಾಧ್ಯವಿಲ್ಲವೆಂಬುದೇ ಅವರ ನಿಲುವಾಗಿತ್ತು. ಅವರ ಸಂದೇಹಕ್ಕೆ ಆಧಾರವಿತ್ತು. ವರ್ಷಗಟ್ಟಲೆ ನಡೆಯುವ, ಬಹುಪಾಲು ಮೌನ ಮತ್ತು ಪುನರುಕ್ತಿಗಳಿಂದ ಕೂಡಿದ ಒಂದು ಸಂಭಾಷಣೆಯಲ್ಲಿ ಕ್ಯಾಮೆರಾ ಹಿಡಿಯಬಹುದಾದ ಕ್ರಿಯೆಯೇ ಇಲ್ಲ. ಗಂಭೀರ ಚಿತ್ರಗಳು ಈ ಕೊರತೆಯನ್ನು ಕನಸಿನ ದೃಶ್ಯಗಳಿಂದಲೂ ಕೊಲೆಯ ಒಗಟುಗಳಿಂದಲೂ ತುಂಬಿಕೊಂಡವು; ಹಾಸ್ಯಚಿತ್ರಗಳಿಗೆ ಮಾತ್ರ ಅದನ್ನು ತುಂಬಲು ಒಂದು ಹಳೆಯ ರಂಗಸಂಪ್ರದಾಯವೇ ಸಿದ್ಧವಾಗಿ ದೊರೆಯಿತು.

ಆ ಸಂಪ್ರದಾಯ ವಾಡ್‌ವಿಲ್ ರಂಗಭೂಮಿಯದು. ಹಾಡು, ಕುಣಿತ, ಹಾಸ್ಯ, ಸಾಹಸಗಳ ಬಿಡಿ ಬಿಡಿ ಅಂಕಗಳನ್ನು ಒಂದೇ ಟಿಕೆಟ್ಟಿಗೆ ಉಣಬಡಿಸುತ್ತಿದ್ದ ಈ ಜನಪ್ರಿಯ ರಂಗಪ್ರಕಾರ ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಹಿಡಿದು ಮಾತಿನ ಚಿತ್ರಗಳು ಬರುವವರೆಗೆ ಅಮೆರಿಕದ ಊರೂರುಗಳಲ್ಲಿ ಮೆರೆಯಿತು. ಇದರ ಹಾಸ್ಯ ಅಂಕಗಳಲ್ಲಿ ಸಾಮಾನ್ಯವಾಗಿ ಇಬ್ಬರಿರುತ್ತಿದ್ದರು: ಮುಖದ ಗಾಂಭೀರ್ಯ ಬಿಡದೆ ಪ್ರಶ್ನೆ ಕೇಳುವ ಒಬ್ಬ, ಆ ಪ್ರಶ್ನೆಗೆ ಅಡ್ಡಾದಿಡ್ಡಿ ಉತ್ತರ ಕೊಟ್ಟು ನಗಿಸುವ ಇನ್ನೊಬ್ಬ. ಮೊದಲನೆಯವನನ್ನು ಆ ವೃತ್ತಿಯವರು ಸ್ಟ್ರೇಟ್ ಮ್ಯಾನ್ ಎಂದು ಕರೆಯುತ್ತಿದ್ದರು. ಯಕ್ಷಗಾನದಲ್ಲಿ ಭಾಗವತರು ಹಾಸ್ಯಗಾರನನ್ನು ಕೆಣಕಿ ಮಾತಾಡಿಸಿದಾಗಲೇ ನಗೆ ಹುಟ್ಟುವಂತೆ, ಇಲ್ಲಿಯೂ ಕೇಳುವವನ ಸ್ಥಿರತೆಯ ಮೇಲೆಯೇ ಹೇಳುವವನ ಚೇಷ್ಟೆ ನಿಂತಿರುತ್ತಿತ್ತು. ಮನೋಚಿಕಿತ್ಸಕನ ಕೋಣೆಯ ರಚನೆಯೂ ಇದೇ ಆಗಿದೆ: ಒಬ್ಬ ಭಾವಾವೇಶವಿಲ್ಲದೆ ಕೇಳುತ್ತಾನೆ, ಇನ್ನೊಬ್ಬ ಒಳಗಿರುವುದನ್ನೆಲ್ಲ ಹೊರಹಾಕುತ್ತಾನೆ. ರೋಗಿ ಮತ್ತು ಚಿಕಿತ್ಸಕರ ಜೋಡಿಯನ್ನು ಹಾಸ್ಯಚಿತ್ರ ಮತ್ತೆ ಮತ್ತೆ ಕೈಗೆತ್ತಿಕೊಂಡದ್ದಕ್ಕೆ ಈ ರಚನಾಸಾಮ್ಯವೇ ಮೂಲಕಾರಣವಾಗಿದ್ದು, ಇಬ್ಬರಲ್ಲಿ ಸ್ಟ್ರೇಟ್ ಮ್ಯಾನ್ ಯಾರು ಎಂಬ ಪ್ರಶ್ನೆಗೆ ಒಂದೊಂದು ಕಾಲ ಕೊಟ್ಟ ಉತ್ತರದಲ್ಲಿ ಆ ಕಾಲ ಮನೋವೈದ್ಯಕೀಯವನ್ನು ಕಂಡ ಬಗೆ ಸ್ಪಷ್ಟವಾಗಿ ಮೂಡಿದೆ.

ಇಬ್ಬರು ದೊಡ್ಡ ತಾರೆಯರನ್ನು ಈ ಸ್ಥಾನಗಳಲ್ಲಿ ನಿಲ್ಲಿಸಿದ ಆರಂಭದ ಪ್ರಮುಖ ಚಿತ್ರ ಮಾರ್ಕ್ ಸ್ಯಾಂಡ್‌ರಿಚ್ ನಿರ್ದೇಶಿಸಿದ 1938ರ 'ಕೇರ್‌ಫ್ರೀ'. ನೃತ್ಯಜೋಡಿಯೆಂದೇ ಮನೆಮಾತಾಗಿದ್ದ ಫ್ರೆಡ್ ಆಸ್ಟೇರ್ ಮತ್ತು ಜಿಂಜರ್ ರಾಜರ್ಸ್ ಇದರಲ್ಲಿ ಕ್ರಮವಾಗಿ ಮನೋವೈದ್ಯ ಟೋನಿ ಫ್ಲ್ಯಾಗ್ ಮತ್ತು ಮದುವೆಯ ನಿಶ್ಚಯವನ್ನು ಮತ್ತೆ ಮತ್ತೆ ಮುರಿಯುವ ಅಮಾಂಡಾ ಕೂಪರ್ ಆಗಿ ನಟಿಸಿದ್ದಾರೆ. ತನಗೆ ಕನಸೇ ಬೀಳುವುದಿಲ್ಲವೆನ್ನುವ ಅಮಾಂಡಾಳಿಗೆ ಹೇಗಾದರೂ ಕನಸು ಬೀಳಲೆಂದು ವೈದ್ಯ ಒಂದಕ್ಕೊಂದು ಹೊಂದದ ತಿನಿಸುಗಳನ್ನು ತಿನ್ನಿಸುತ್ತಾನೆ. ಕನಸು ಬಿದ್ದಾಗ ಅದರಲ್ಲಿ ಅವಳ ಜೊತೆ ನರ್ತಿಸುವವನು ಆ ವೈದ್ಯನೇ ಆಗಿರುತ್ತಾನೆ. ಹಳೆಯ ಸಂಬಂಧಗಳಲ್ಲಿ ಹುಟ್ಟಿದ ಪ್ರೀತಿ, ಕೋಪ, ಅವಲಂಬನೆಗಳನ್ನು ರೋಗಿ ಅರಿವಿಲ್ಲದೆ ಚಿಕಿತ್ಸಕನ ಮೇಲೆ ಹೇರುವುದನ್ನು ಮನೋವಿಶ್ಲೇಷಣೆ ಭಾವವರ್ಗಾವಣೆ ಎಂದು ಕರೆಯುತ್ತದೆ. ಪ್ರೇಕ್ಷಕರಿಗೆ ಈ ಪರಿಭಾಷೆ ಗೊತ್ತಿಲ್ಲದ ಕಾಲದಲ್ಲಿ 'ಕೇರ್‌ಫ್ರೀ' ಅದರ ಅನುಭವವನ್ನು ನೃತ್ಯದಲ್ಲಿ ತೋರಿಸಿತು. ಚಿತ್ರದ ಕೊನೆಯಲ್ಲಿ ವೈದ್ಯನೂ ಅವಳನ್ನು ಪ್ರೀತಿಸುತ್ತಾನೆ. ವೃತ್ತಿನೀತಿಯ ದೃಷ್ಟಿಯಿಂದ ಇದು ಅಕ್ಷಮ್ಯವಾದರೂ, ಕುರ್ಚಿಯಲ್ಲಿ ಕುಳಿತವನೂ ಕಲ್ಲಲ್ಲ ಎಂಬ ಅರಿವು ಈ ಪರಂಪರೆಯಲ್ಲಿ ಆರಂಭದಿಂದಲೂ ಇತ್ತೆಂಬುದಕ್ಕೆ ಸಾಕ್ಷಿಯಾಗಿ ಉಳಿಯುತ್ತದೆ.

ಅದೇ 1938ರಲ್ಲಿ ನಾಜಿಗಳು ಆಸ್ಟ್ರಿಯಾವನ್ನು ಆಕ್ರಮಿಸಿದಾಗ ಎಂಬತ್ತೆರಡರ ವಯಸ್ಸಿನ ಫ್ರಾಯ್ಡ್ ವಿಯೆನ್ನಾ ಬಿಟ್ಟು ಲಂಡನ್ ಸೇರಿದರು. ಬರ್ಲಿನ್ ಮತ್ತು ವಿಯೆನ್ನಾದ ಯಹೂದಿ ವಿಶ್ಲೇಷಕರಲ್ಲಿ ಹಲವರು ಆ ದಶಕದಲ್ಲಿ ಅಮೆರಿಕಕ್ಕೆ ವಲಸೆ ಹೋದರು; ಅವರಲ್ಲಿ ಅರ್ನ್ಸ್ಟ್ ಸಿಮ್ಮೆಲ್, ಓಟೋ ಫೆನಿಕೆಲ್ ಮೊದಲಾದವರು ಹಾಲಿವುಡ್ಡಿನ ನೆರೆಯಲ್ಲೇ, ಲಾಸ್ ಏಂಜಲೀಸ್‌ನಲ್ಲಿ ನೆಲೆಸಿದ್ದರಿಂದ ಸ್ಟುಡಿಯೋಗಳ ಜನರಿಗೂ ಈ ವಿದ್ಯೆಗೂ ನೇರ ನಂಟು ಬೆಳೆಯಿತು. ನಿರ್ಮಾಪಕ ಡೇವಿಡ್ ಸೆಲ್ಜ್‌ನಿಕ್ ತಾವು ಚಿಕಿತ್ಸೆ ಪಡೆದಿದ್ದ ವಿಶ್ಲೇಷಕಿ ಮೇ ರೋಮ್ ಅವರನ್ನೇ ಸಲಹೆಗಾರ್ತಿಯಾಗಿ ನೇಮಿಸಿಕೊಂಡು 1945ರಲ್ಲಿ 'ಸ್ಪೆಲ್‌ಬೌಂಡ್' ಚಿತ್ರವನ್ನು ಆಲ್ಫ್ರೆಡ್ ಹಿಚ್‌ಕಾಕ್ ಅವರಿಂದ ಮಾಡಿಸಿದರು. ಎರಡನೆಯ ಮಹಾಯುದ್ಧದಲ್ಲಿ ಅಪಾರ ಸಂಖ್ಯೆಯ ಸೈನಿಕರು ದೈಹಿಕ ಗಾಯವಿಲ್ಲದೆಯೂ ಮನಸ್ಸು ಜರ್ಜರಿತವಾಗಿ ಮರಳಿದ್ದರಿಂದ, ಮಾನಸಿಕ ರೋಗ ದುರ್ಬಲರಿಗೆ ಮಾತ್ರ ಬರುವಂಥದ್ದೆಂಬ ನಂಬಿಕೆ ಅಲುಗಿತು. 1946ರಲ್ಲಿ ಅಮೆರಿಕದ ಸಂಸತ್ತು ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾಯಿದೆಯನ್ನು ಅಂಗೀಕರಿಸಿತು. ಮನೋವೈದ್ಯಕೀಯದ ಪ್ರತಿಷ್ಠೆ ಏರಿದಂತೆ ತೆರೆಯ ಮೇಲಿನ ವೈದ್ಯರೂ ಗೌರವಾನ್ವಿತರಾದರು. ಕ್ರಿನ್ ಗಬಾರ್ಡ್ ಮತ್ತು ಗ್ಲೆನ್ ಗಬಾರ್ಡ್ ಸೋದರರು ತಮ್ಮ 'ಸೈಕಿಯಾಟ್ರಿ ಅಂಡ್ ದ ಸಿನಿಮಾ' ಗ್ರಂಥದಲ್ಲಿ 1957ರಿಂದ 1963ರವರೆಗಿನ ಅವಧಿಯನ್ನು ಇದರ ಸುವರ್ಣಯುಗವೆಂದು ಗುರುತಿಸಿದ್ದಾರೆ. ಶ್ನೈಡರ್ ಅವರ ಮಾತಿನಲ್ಲಿ ಹೇಳುವುದಾದರೆ ಇದು ಡಾಕ್ಟರ್ ವಂಡರ್‌ಫುಲ್‌ನ ಕಾಲ.

ಈ ಭಕ್ತಿಭಾವ ಬಹುಕಾಲ ಉಳಿಯಲಿಲ್ಲ. ಎಲ್ಲ ಬಗೆಯ ಅಧಿಕಾರವನ್ನೂ ಪ್ರಶ್ನಿಸಿದ 1960ರ ದಶಕದಲ್ಲಿ ಮನೋವೈದ್ಯನೂ ಆ ಪ್ರಶ್ನೆಗೆ ಒಳಗಾದನು. ವುಡಿ ಅಲೆನ್ ಸಿನಿಮಾಕ್ಕಾಗಿ ಬರೆದ ಮೊದಲ ಚಿತ್ರಕಥೆಯಾದ 1965ರ 'ವಾಟ್ಸ್ ನ್ಯೂ ಪುಸಿಕ್ಯಾಟ್?' ಚಿತ್ರದಲ್ಲಿ ಸ್ತ್ರೀಲೋಲತೆಯಿಂದ ಬಿಡುಗಡೆ ಬಯಸುವ ರೋಗಿಯಾಗಿ ಪೀಟರ್ ಓಟೂಲ್, ಆ ಚಟದಲ್ಲಿ ರೋಗಿಯನ್ನೂ ಮೀರಿಸಲು ಹಂಬಲಿಸುವ ಮನೋವೈದ್ಯ ಫ್ರಿಟ್ಜ್ ಫಾಸ್‌ಬೆಂಡರ್ ಆಗಿ ಪೀಟರ್ ಸೆಲರ್ಸ್ ನಟಿಸಿದರು. 'ಲಾರೆನ್ಸ್ ಆಫ್ ಅರೇಬಿಯಾ' ಚಿತ್ರದ ಗಂಭೀರ ನಾಯಕನ ಎದುರು ವೇಷ, ಧ್ವನಿ, ಉಚ್ಚಾರಣೆಗಳನ್ನು ಗಳಿಗೆಗೊಮ್ಮೆ ಬದಲಿಸಬಲ್ಲ ಹಾಸ್ಯನಟನನ್ನು ನಿಲ್ಲಿಸಿದ್ದು ತಾಳೆಯಾಗದ ಜೋಡಿಯ ತಂತ್ರವನ್ನು ಬೇಕೆಂದೇ ಬಳಸಿದ ಪ್ರಯೋಗವಾಗಿತ್ತು. ಇಲ್ಲಿ ರೋಗಿಯೇ ಸ್ಟ್ರೇಟ್ ಮ್ಯಾನ್, ವೈದ್ಯನೇ ವಿದೂಷಕ. ಹನ್ನೆರಡು ವರ್ಷಗಳ ನಂತರ ಅದೇ ಅಲೆನ್ ನಿರ್ದೇಶಿಸಿ ನಟಿಸಿದ 'ಆ್ಯನಿ ಹಾಲ್' ಚಿತ್ರದಲ್ಲಿ ಪರದೆಯನ್ನು ಎರಡಾಗಿ ಸೀಳಿ, ಪ್ರೇಮಿಗಳಿಬ್ಬರೂ ತಂತಮ್ಮ ಚಿಕಿತ್ಸಕರ ಬಳಿ ಒಂದೇ ಸಂಗತಿಯನ್ನು ಎರಡು ಬಗೆಯಾಗಿ ಹೇಳಿಕೊಳ್ಳುವ ದೃಶ್ಯವಿದೆ. ಚಿಕಿತ್ಸೆಗೆ ಹೋಗುವುದು ನ್ಯೂಯಾರ್ಕಿನ ವಿದ್ಯಾವಂತ ಮಧ್ಯಮವರ್ಗದ ದಿನಚರಿಯ ಭಾಗವೇ ಆಗಿಹೋಗಿತ್ತೆಂಬುದಕ್ಕೆ ಅದಕ್ಕಿಂತ ಚೊಕ್ಕವಾದ ದಾಖಲೆ ದೊರೆಯುವುದು ಕಷ್ಟ.

1980ರ ದಶಕ ಕಳೆಯುವಷ್ಟರಲ್ಲಿ ಈ ವಿದ್ಯೆಯ ಸ್ವರೂಪವೇ ಬದಲಾಗಿತ್ತು. ಅಮೆರಿಕದ ಮನೋವೈದ್ಯಕೀಯ ಸಂಘ 1980ರಲ್ಲಿ ಪ್ರಕಟಿಸಿದ ರೋಗನಿರ್ಣಯ ಕೈಪಿಡಿಯ ಮೂರನೆಯ ಆವೃತ್ತಿ ಮನೋವಿಶ್ಲೇಷಣೆಯ ಪರಿಭಾಷೆಯನ್ನು ಬಹುಮಟ್ಟಿಗೆ ಕೈಬಿಟ್ಟು, ಲಕ್ಷಣಗಳ ಪಟ್ಟಿಯ ಆಧಾರದ ಮೇಲೆ ರೋಗಗಳನ್ನು ಗುರುತಿಸುವ ಕ್ರಮವನ್ನು ತಂದಿತು. 1987ರ ಕೊನೆಯಲ್ಲಿ ಅಲ್ಲಿನ ಸರ್ಕಾರ ಪ್ರೊಜ್ಯಾಕ್ ಎಂಬ ಖಿನ್ನತೆಯ ಔಷಧಕ್ಕೆ ಅನುಮತಿ ನೀಡಿದ ಮೇಲೆ, ಮಾತಿನ ಚಿಕಿತ್ಸೆಯ ಜಾಗವನ್ನು ಗುಳಿಗೆ ಆಕ್ರಮಿಸತೊಡಗಿತು. ಒರಗುಮಂಚದ ಮೇಲೆ ವರ್ಷಗಟ್ಟಲೆ ಮಲಗುವ ರೋಗಿಗಳು ಕಡಿಮೆಯಾದರು, ಸ್ವಸಹಾಯದ ಪುಸ್ತಕಗಳನ್ನು ಬರೆದು ದೂರದರ್ಶನದಲ್ಲಿ ಕಾಣಿಸಿಕೊಳ್ಳುವ ತಜ್ಞರು ಹೆಚ್ಚಾದರು. ಈ ಹೊಸ ತಜ್ಞನನ್ನು ಪರೀಕ್ಷೆಗೊಡ್ಡಿದ್ದು ಫ್ರಾಂಕ್ ಓಜ್ ನಿರ್ದೇಶನದ 1991ರ 'ವಾಟ್ ಅಬೌಟ್ ಬಾಬ್?'. ನೂರೆಂಟು ಭಯಗಳಿಂದ ನರಳುವ ಬಾಬ್ ವೈಲಿಯಾಗಿ ಬಿಲ್ ಮರೆ, ಜನಪ್ರಿಯ ಪುಸ್ತಕವೊಂದರ ಕರ್ತೃವಾದ ಡಾಕ್ಟರ್ ಲಿಯೋ ಮಾರ್ವಿನ್ ಆಗಿ ರಿಚರ್ಡ್ ಡ್ರೈಫಸ್ ನಟಿಸಿದ ಈ ಚಿತ್ರದಲ್ಲಿ, ರಜೆಗೆಂದು ಸರೋವರದ ದಡಕ್ಕೆ ಹೋದ ವೈದ್ಯನನ್ನು ರೋಗಿ ಹುಡುಕಿಕೊಂಡು ಹೋಗಿ ಅವನ ಮನೆಮಂದಿಯ ಪ್ರೀತಿ ಗಳಿಸುತ್ತಾನೆ. ವೈದ್ಯನ ಮಕ್ಕಳಿಗೆ ಫ್ರಾಯ್ಡ್ ಮತ್ತು ಅವರ ಮಗಳ ನೆನಪಿಗೆ ಸಿಗ್ಮಂಡ್, ಆ್ಯನಾ ಎಂಬ ಹೆಸರುಗಳಿವೆ. ಆದರೆ ನೀರಿಗೆ ಹಾರಲು ಹೆದರುವ ಮಗನ ಅಂಜಿಕೆಯನ್ನು ಬಿಡಿಸುವುದು ತಂದೆಯ ವಿದ್ಯೆಯಲ್ಲ, ರೋಗಿಯ ಸ್ನೇಹ. ಬಾಬ್ ಹಂತಹಂತವಾಗಿ ಚೇತರಿಸಿಕೊಂಡಂತೆ ಮಾರ್ವಿನ್ ಹಂತಹಂತವಾಗಿ ಸ್ಥಿಮಿತ ಕಳೆದುಕೊಂಡು, ಕೊನೆಗೆ ತನ್ನ ರೋಗಿಯನ್ನು ಸಿಡಿಮದ್ದಿನಿಂದ ಕೊಲ್ಲಹೊರಟು ತಾನೇ ಮಾತುಸೋತ ರೋಗಿಯಾಗುತ್ತಾನೆ. ಸ್ಟ್ರೇಟ್ ಮ್ಯಾನ್‌ನ ಗಾಂಭೀರ್ಯ ಒಳಗಿನ ಶಾಂತಿಯಿಂದ ಬಾರದೆ ಪ್ರತಿಷ್ಠೆಯ ಹಸಿವಿನಿಂದ ಬಂದಿದ್ದರೆ ಅದು ಎಷ್ಟು ಬೇಗ ಕುಸಿಯುತ್ತದೆಂಬುದನ್ನು ಡ್ರೈಫಸ್ ಅವರ ಅಭಿನಯ ನಿರ್ದಯವಾಗಿ ತೋರಿಸುತ್ತದೆ.

ಈ ಹಿನ್ನೆಲೆಯಲ್ಲಿ 1999ರ ಮಾರ್ಚ್ 5ರಂದು ತೆರೆಕಂಡ 'ಅನಲೈಜ್ ದಿಸ್' ಚಿತ್ರದ ಮಹತ್ವವನ್ನು ಅರಿಯಬೇಕು. ಇದರ ನಿರ್ದೇಶಕ ಹೆರಾಲ್ಡ್ ರೇಮಿಸ್, ಒಂದೇ ದಿನ ಮತ್ತೆ ಮತ್ತೆ ಮರುಕಳಿಸುವ ಬಲೆಯಲ್ಲಿ ಸಿಕ್ಕಿ ನಿಧಾನವಾಗಿ ಒಳ್ಳೆಯವನಾಗುವ ಮನುಷ್ಯನೊಬ್ಬನ ಕಥೆಯಾದ 'ಗ್ರೌಂಡ್‌ಹಾಗ್ ಡೇ' ಚಿತ್ರವನ್ನು 1993ರಲ್ಲಿ ನೀಡಿದ್ದವರು. ಯೌವನದಲ್ಲಿ ಸೇಂಟ್ ಲೂಯಿಸ್ ನಗರದ ಮಾನಸಿಕ ಆಸ್ಪತ್ರೆಯೊಂದರಲ್ಲಿ ಕೆಲವು ತಿಂಗಳು ದುಡಿದಿದ್ದವರು. ಚಿತ್ರಕಥೆಯನ್ನು ಅವರೊಡನೆ ಕೆನೆತ್ ಲೋನರ್ಗನ್ ಮತ್ತು ಪೀಟರ್ ಟೋಲನ್ ಬರೆದರು. ನ್ಯೂಯಾರ್ಕಿನ ಮಾಫಿಯಾ ಕುಟುಂಬವೊಂದರ ಮುಖ್ಯಸ್ಥ ಪಾಲ್ ವಿಟ್ಟಿಗೆ ಇದ್ದಕ್ಕಿದ್ದಂತೆ ಉಸಿರು ಕಟ್ಟುತ್ತದೆ, ಎದೆ ಬಿಗಿಯುತ್ತದೆ. ಹೃದಯಾಘಾತವೆಂದು ಆಸ್ಪತ್ರೆಗೆ ಹೋದಾಗ ಇದು ದೈಹಿಕ ಕಾರಣವಿಲ್ಲದೆ ಬರುವ ತೀವ್ರ ಭಯದ ಹೊಡೆತ, ಅಂದರೆ ಪ್ಯಾನಿಕ್ ಅಟ್ಯಾಕ್ ಎಂದ ವೈದ್ಯನನ್ನೇ ಅವನು ಹೊಡೆಯುತ್ತಾನೆ, ಏಕೆಂದರೆ ಭಯವೆಂಬ ಮಾತೇ ಅವನ ಲೋಕದಲ್ಲಿ ಅವಮಾನ. ಎಲ್ಲ ಕುಟುಂಬಗಳ ಮುಖಂಡರ ಸಭೆ ಎರಡು ವಾರಗಳಲ್ಲಿ ನಡೆಯಲಿದ್ದು, ಅಷ್ಟರೊಳಗೆ ಗುಣವಾಗದಿದ್ದರೆ ಅವನ ಜೀವಕ್ಕೇ ಸಂಚಕಾರವಿದೆ. ಹೀಗಾಗಿ ಒಂದು ಸಣ್ಣ ಕಾರು ಅಪಘಾತದ ನೆಪದಲ್ಲಿ ಅವನ ಬಂಟನಿಗೆ ಪರಿಚಯವಾದ ಬೆನ್ ಸೋಬೆಲ್ ಎಂಬ ಮನೋವೈದ್ಯನ ಬಳಿಗೆ, ತೊಂದರೆಯಿರುವುದು ತನಗಲ್ಲ, ತನ್ನ ಸ್ನೇಹಿತನೊಬ್ಬನಿಗೆ ಎಂದು ಹೇಳಿಕೊಂಡು ಅವನು ಬರುತ್ತಾನೆ.

ಪಾತ್ರಹಂಚಿಕೆಯೇ ಈ ಚಿತ್ರದ ತಿರುಳು. 'ಗಾಡ್‌ಫಾದರ್' ಸರಣಿಯ ಎರಡನೆಯ ಚಿತ್ರದಲ್ಲಿ ತರುಣ ವಿಟೋ ಕಾರ್ಲಿಯೋನೆಯಾಗಿ, 'ಟ್ಯಾಕ್ಸಿ ಡ್ರೈವರ್', 'ರೇಜಿಂಗ್ ಬುಲ್', 'ಗುಡ್‌ಫೆಲಾಸ್', 'ಕ್ಯಾಸಿನೋ' ಚಿತ್ರಗಳಲ್ಲಿ ಕಾಡುವ ಹಿಂಸಾಮೂರ್ತಿಗಳಾಗಿ ಕಾಲು ಶತಮಾನ ಕಾಲ ಪ್ರೇಕ್ಷಕರ ಎದೆ ನಡುಗಿಸಿದ್ದ ಡಿ ನಿರೋ ಒರಗುಮಂಚದ ಬದಿಗೆ ಬಂದು ಕುಳಿತಾಗ, ಆ ಎಲ್ಲ ಪಾತ್ರಗಳೂ ಅವರ ಜೊತೆಗೆ ಬಂದು ಕೂರುತ್ತವೆ. ಒಬ್ಬ ಮಾಫಿಯಾ ದೊರೆಯ ಜೊತೆಗೆ ಅಮೆರಿಕದ ಸಿನಿಮಾ ಕಟ್ಟಿದ ಗಂಡಸುತನದ ಒಂದು ಇಡೀ ಮಾದರಿಯೇ ಅಲ್ಲಿ ರೋಗಿಯಾಗುತ್ತದೆ. ಎದುರಿಗಿರುವ ಕ್ರಿಸ್ಟಲ್, ಒಬ್ಬರೇ ವೇದಿಕೆಯ ಮೇಲೆ ನಿಂತು ತಮ್ಮ ಅಳುಕು, ಮನೆತನ, ಬಾಲ್ಯಗಳನ್ನೇ ಹಾಸ್ಯವಾಗಿಸಿ ಹೇಳುವ ಸ್ಟ್ಯಾಂಡ್‌ಅಪ್ ಪರಂಪರೆಯಿಂದ ಬಂದವರು. 'ವೆನ್ ಹ್ಯಾರಿ ಮೆಟ್ ಸ್ಯಾಲಿ' ಮತ್ತು 'ಸಿಟಿ ಸ್ಲಿಕರ್ಸ್' ಚಿತ್ರಗಳಿಂದ ಮಾತುಗಾರ ನಗರವಾಸಿಯೆಂದು ಜನಪ್ರಿಯರಾದವರು. ಮನಸ್ಸಿನೊಳಗಿನದನ್ನು ಮಾತಾಗಿಸುವುದೇ ಕಸುಬಾದವನು ಒಂದು ಕಡೆ, ಬಾಯಿಬಿಡದಿರುವುದೇ ಧರ್ಮವಾದವನು ಇನ್ನೊಂದು ಕಡೆ. ಮಾಫಿಯಾದಲ್ಲಿ ಒಮೆರ್ಟಾ ಎಂದು ಕರೆಯುವ ಮೌನವ್ರತ, ಅಂದರೆ ಒಳಗಿನ ಸಂಗತಿಯನ್ನು ಹೊರಗಿನವರಿಗೆ ಎಂದೂ ಹೇಳಬಾರದೆಂಬ ಕಟ್ಟಳೆ, ಮನಸ್ಸಿನಲ್ಲಿರುವುದನ್ನೆಲ್ಲ ಹೇಳಬೇಕೆಂಬ ಮನೋಚಿಕಿತ್ಸೆಯ ಕಟ್ಟಳೆಯೊಡನೆ ನೇರವಾಗಿ ಡಿಕ್ಕಿ ಹೊಡೆಯುತ್ತದೆ. ಚಿತ್ರದ ನಗೆಯೆಲ್ಲ ಹುಟ್ಟುವುದು ಈ ಎರಡು ಕಟ್ಟಳೆಗಳ ಘರ್ಷಣೆಯಿಂದ.

ಇಲ್ಲಿ ರೇಮಿಸ್ ಮಾಡಿದ ಸೂಕ್ಷ್ಮ ಪಲ್ಲಟವೊಂದನ್ನು ಗಮನಿಸಬೇಕು. ವೃತ್ತಿಯಿಂದ ಹಾಸ್ಯಗಾರರಾದ ಕ್ರಿಸ್ಟಲ್ ಇದರಲ್ಲಿ ಬಹುಪಾಲು ಸ್ಟ್ರೇಟ್ ಮ್ಯಾನ್‌ನ ಹೊಣೆ ಹೊರುತ್ತಾರೆ. ಗಂಭೀರ ನಟರಾದ ಡಿ ನಿರೋ ತಮ್ಮ ಗಾಂಭೀರ್ಯವನ್ನು ಒಂದಿಷ್ಟೂ ಸಡಿಲಿಸದೆ ನಗಿಸುತ್ತಾರೆ. 'ಗುಡ್‌ಫೆಲಾಸ್' ಚಿತ್ರದಲ್ಲಿ ಭಯ ಹುಟ್ಟಿಸಿದ ಅದೇ ಓರೆನೋಟ, ಅದೇ ಬಿಗಿದ ತುಟಿ, ಅದೇ ಕೈಸನ್ನೆ ದೂರದರ್ಶನದ ಭಾವುಕ ಜಾಹೀರಾತೊಂದನ್ನು ನೋಡಿ ಕಣ್ಣೀರಾಗುವ ಮನುಷ್ಯನಲ್ಲಿ ಕಾಣಿಸಿಕೊಂಡಾಗ, ಪ್ರೇಕ್ಷಕ ನಗುತ್ತಲೇ ಅವನ ಬಗ್ಗೆ ಮರುಗುತ್ತಾನೆ. ಸಿಟ್ಟು ಬಂದಾಗ ತಾನು ದಿಂಬಿಗೆ ಹೊಡೆಯುವುದಾಗಿ ಸೋಬೆಲ್ ಹೇಳಿದಾಗ ವಿಟ್ಟಿ ಪಿಸ್ತೂಲು ತೆಗೆದು ದಿಂಬಿಗೆ ಗುಂಡು ಹಾರಿಸುತ್ತಾನೆ. ಮಗ ತಂದೆಯ ಸ್ಥಾನವನ್ನು ಬಯಸಿ ತಾಯಿಯತ್ತ ಸೆಳೆಯಲ್ಪಡುತ್ತಾನೆಂಬ ಈಡಿಪಸ್ ಕಲ್ಪನೆಯನ್ನು ವಿವರಿಸಿದಾಗ ಫ್ರಾಯ್ಡ್ ಎಂಬ ಮನುಷ್ಯನ ತಲೆಯೇ ಕೆಟ್ಟಿರಬೇಕೆಂದು ಅವನು ನಿಜವಾಗಿಯೂ ಗಾಬರಿಯಾಗುತ್ತಾನೆ. ಸೋಬೆಲ್ ಕಾಣುವ ಕನಸಿನಲ್ಲಿ 'ಗಾಡ್‌ಫಾದರ್' ಚಿತ್ರದ ಹಣ್ಣಿನಂಗಡಿಯ ಬಳಿಯ ಗುಂಡಿನ ದಾಳಿ ಪುನಃ ನಡೆಯುತ್ತದೆ: ಗುಂಡೇಟು ತಿನ್ನುವ ವಿಟೋನ ಜಾಗದಲ್ಲಿ ಮನೋವೈದ್ಯನಿದ್ದಾನೆ, ತಂದೆಯನ್ನು ಕಾಪಾಡಲಾಗದೆ ಗೋಳಾಡುವ ದುರ್ಬಲ ಮಗ ಫ್ರೆಡೋನ ಜಾಗದಲ್ಲಿ ವಿಟ್ಟಿಯಿದ್ದಾನೆ. ಒಮ್ಮೆ ವಿಟೋನ ಯೌವನವನ್ನೇ ಅಭಿನಯಿಸಿ ಆಸ್ಕರ್ ಪಡೆದ ನಟ ಇಲ್ಲಿ ಫ್ರೆಡೋ ಆಗುವುದು ಸಿನಿಪ್ರಿಯರಿಗೆ ಒಂದು ಚಮತ್ಕಾರ. ಅದಕ್ಕಿಂತ ಹೆಚ್ಚಾಗಿ ಅದು ವಿಟ್ಟಿಯ ರೋಗದ ನಿಖರವಾದ ನಿರ್ಣಯವೂ ಹೌದು.

ಏಕೆಂದರೆ ಅವನ ವ್ಯಾಧಿಯ ಬೇರು ಇರುವುದು ಅಲ್ಲಿಯೇ. ಬಾಲ್ಯದಲ್ಲಿ ಉಪಾಹಾರಗೃಹವೊಂದರಲ್ಲಿ ತನ್ನ ಕಣ್ಣೆದುರೇ ತಂದೆಯ ಕೊಲೆಯಾದುದನ್ನು ಕಂಡ ಅವನು, ಅದಕ್ಕೆ ತಾನೇ ಹೊಣೆಯೆಂಬ ತಪ್ಪಿತಸ್ಥ ಭಾವನೆಯನ್ನು ಹೂತಿಟ್ಟು, ತಂದೆಯ ಉದ್ಯಮವನ್ನೇ ಹಿಡಿದು ಬೆಳೆದಿದ್ದಾನೆ. ತನ್ನ ಮಗನೂ ಇದೇ ದಾರಿಯಲ್ಲಿ ತಂದೆಯನ್ನು ಕಳೆದುಕೊಂಡಾನೆಂಬ ಅಳುಕು ಆ ಹಳೆಯ ಗಾಯವನ್ನು ಕೆದಕಿದೆ. ಗುಂಡಿನ ಕಾಳಗದ ನಡುವೆಯೇ ವಿಟ್ಟಿ ಬಿಕ್ಕಿಬಿಕ್ಕಿ ಅತ್ತು ಅದನ್ನು ಒಪ್ಪಿಕೊಳ್ಳುವ ಪ್ರಸಂಗ ಹಾಸ್ಯಚಿತ್ರವೊಂದರಲ್ಲಿ ಬಂದ ಮನೋವಿಶ್ಲೇಷಣೆಯ ಅತ್ಯಂತ ಪ್ರಾಮಾಣಿಕ ದೃಶ್ಯಗಳಲ್ಲಿ ಒಂದು, ಏಕೆಂದರೆ ಅಲ್ಲಿ ನಗೆಪಾಟಲಾಗುವುದು ಸಂದರ್ಭವೇ ಹೊರತು ಅವನ ದುಃಖವಲ್ಲ. ಸೋಬೆಲ್‌ನ ಕಥೆಯೂ ತಂದೆಯೊಬ್ಬನ ನೆರಳಿನದೇ. ಹೆಸರಾಂತ ಮನೋವೈದ್ಯನ ಮಗನಾದ ಅವನು, ದಿನವೂ ಅದೇ ಸಣ್ಣಪುಟ್ಟ ಗೋಳುಗಳನ್ನು ಕೇಳಿ ಬೇಸತ್ತು, ತನ್ನ ಬಾಳಿನ ಬಗ್ಗೆ ತಾನೇ ಅಸಮಾಧಾನದಿಂದಿದ್ದಾನೆ. ರೋಗಿಯ ಜೀವ ಉಳಿಸಲು ಮಾಫಿಯಾ ಸಭೆಯಲ್ಲಿ ಅವನ ಪ್ರತಿನಿಧಿಯ ವೇಷದಲ್ಲಿ ನಿಂತಾಗ, ಜೀವನದಲ್ಲಿ ಮೊದಲ ಬಾರಿಗೆ ಅವನು ಪೂರ್ಣ ಎಚ್ಚರದಲ್ಲಿರುತ್ತಾನೆ. ರೋಗಿಗೆ ಅಳುವುದನ್ನು ಕಲಿಸಿದ ಚಿಕಿತ್ಸಕ ಆ ರೋಗಿಯಿಂದ ಧೈರ್ಯ ಕಲಿಯುತ್ತಾನೆ. ಚಿತ್ರದ ಕೊನೆಗೆ ವಿಟ್ಟಿ ಮಾಫಿಯಾ ತೊರೆದು ಸೆರೆಮನೆ ಸೇರುತ್ತಾನೆ. ಮಾಯಾಮಂತ್ರದ ಗುಣಪಡಿಕೆ ಅಲ್ಲಿಲ್ಲ, ಮಾಡಿದ್ದರ ಹೊಣೆಯನ್ನು ಹೊರುವ ಶಕ್ತಿಯಷ್ಟೇ ಚಿಕಿತ್ಸೆಯಿಂದ ದೊರೆತದ್ದು.

ಚಿತ್ರದ ಇನ್ನೊಂದು ಎಳೆಗೆ ಸಮಕಾಲೀನ ಕಾನೂನಿನ ಹಿನ್ನೆಲೆಯಿದೆ. ರೋಗಿಯ ಮಾತುಗಳನ್ನು ಗುಪ್ತವಾಗಿ ಧ್ವನಿಮುದ್ರಿಸಿ ಕೊಡಬೇಕೆಂದು ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ ಸೋಬೆಲ್‌ನನ್ನು ಒತ್ತಾಯಿಸುತ್ತದೆ. ರೋಗಿಯ ರಹಸ್ಯವನ್ನು ಎಲ್ಲಿಯವರೆಗೆ ಕಾಪಾಡಬೇಕೆಂಬುದು ಅಲ್ಲಿ ಬಹುಕಾಲದಿಂದ ವಿವಾದದ ವಿಷಯವಾಗಿತ್ತು. ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯ 1976ರ ತಾರಾಸಾಫ್ ಪ್ರಕರಣದಲ್ಲಿ, ರೋಗಿಯಿಂದ ಮೂರನೆಯ ವ್ಯಕ್ತಿಗೆ ಗಂಭೀರ ಅಪಾಯವಿದೆಯೆಂದು ಕಂಡುಬಂದಾಗ ಆ ವ್ಯಕ್ತಿಯ ರಕ್ಷಣೆಗೆ ತಕ್ಕ ಕ್ರಮ ಕೈಗೊಳ್ಳುವುದು ಚಿಕಿತ್ಸಕನ ಕರ್ತವ್ಯವೆಂದು ತೀರ್ಪಿತ್ತಿತು. ಮತ್ತೊಂದೆಡೆ ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1996ರ ಜಾಫಿ ವಿರುದ್ಧ ರೆಡ್‌ಮಂಡ್ ಪ್ರಕರಣದಲ್ಲಿ, ಚಿಕಿತ್ಸಕ ಮತ್ತು ರೋಗಿಯ ನಡುವಿನ ಮಾತುಗಳನ್ನು ಬಹಿರಂಗಪಡಿಸುವಂತೆ ಕೇಂದ್ರ ನ್ಯಾಯಾಲಯಗಳು ಬಲವಂತಪಡಿಸಲಾಗದೆಂದು ಎತ್ತಿಹಿಡಿಯಿತು. ಸೋಬೆಲ್ ಈ ಎರಡು ಕರ್ತವ್ಯಗಳ ನಡುವೆ ತೊಳಲಾಡಿ, ಮೈಮೇಲೆ ಅಡಗಿಸಿಕೊಂಡ ಧ್ವನಿಗ್ರಾಹಕವನ್ನು ಕೊನೆಗೆ ಕಿತ್ತೊಗೆಯುವುದು, ರೋಗಿ ತನ್ನ ತಂದೆಯ ಮರಣದ ಸಂಗತಿಯನ್ನು ತೆರೆದಿಡಲಾರಂಭಿಸಿದ ಗಳಿಗೆಯಲ್ಲಿ. ನಂಬಿಕೆಯಿಲ್ಲದೆ ಚಿಕಿತ್ಸೆಯಿಲ್ಲವೆಂಬ ತತ್ತ್ವವನ್ನು ನಗೆಯ ಚಿತ್ರವೊಂದು ಇಷ್ಟು ಗಂಭೀರವಾಗಿ ಎತ್ತಿಹಿಡಿದದ್ದು ಅಪರೂಪ.

ಮಾಫಿಯಾ ದೊರೆಯನ್ನು ಚಿಕಿತ್ಸಕರ ಬಳಿಗೆ ಕಳುಹಿಸುವ ಕಲ್ಪನೆ ಆ ಕಾಲದ ಗಾಳಿಯಲ್ಲೇ ಇತ್ತು. 1997ರ 'ಗ್ರೋಸ್ ಪಾಯಿಂಟ್ ಬ್ಲ್ಯಾಂಕ್' ಚಿತ್ರದಲ್ಲಿ ಬಾಡಿಗೆ ಕೊಲೆಗಾರನಾದ ಜಾನ್ ಕ್ಯೂಸ್ಯಾಕ್ ತನಗೆ ಹೆದರಿ ನಡುಗುವ ಚಿಕಿತ್ಸಕ ಆ್ಯಲನ್ ಆರ್ಕಿನ್ ಅವರ ಬಳಿಗೆ ಹೋಗುತ್ತಾನೆ. 1999ರ ಜನವರಿ 10ರಂದು ಆರಂಭವಾದ 'ದ ಸೊಪ್ರಾನೋಸ್' ಧಾರಾವಾಹಿ ಇದೇ ವಸ್ತುವನ್ನು ಹಲವು ವರ್ಷಗಳ ದುರಂತಕಥನವಾಗಿ ಬೆಳೆಸಿತು. ಡಿ ನಿರೋ ಮತ್ತು ಕ್ರಿಸ್ಟಲ್ ಜೋಡಿ 2002ರ 'ಅನಲೈಜ್ ದಟ್' ಚಿತ್ರದಲ್ಲಿ ಮತ್ತೆ ಒಂದಾದರೂ, ರೋಗಿ ತನ್ನ ಗುಟ್ಟನ್ನು ಆಗಲೇ ಹೇಳಿಬಿಟ್ಟಿದ್ದರಿಂದ ಅದರಲ್ಲಿ ಮೊದಲಿನ ಬಿಗಿ ಉಳಿಯಲಿಲ್ಲ. ಅದೇ ವರ್ಷ ಡೇವಿಡ್ ಧವನ್ ಈ ಕಥೆಯ ಎಳೆಯನ್ನು ಹಿಂದಿಗೆ ತಂದು 'ಹಮ್ ಕಿಸೀಸೇ ಕಮ್ ನಹೀಂ' ಚಿತ್ರವನ್ನು ಮಾಡಿದರು. ಅದರಲ್ಲಿ ಮುಂಬಯಿಯ ಭೂಗತ ದೊರೆಯಾಗಿ ಸಂಜಯ್ ದತ್, ವೈದ್ಯನಾಗಿ ಅಮಿತಾಭ್ ಬಚ್ಚನ್, ವೈದ್ಯನ ತಂಗಿಯಾಗಿ ಮಂಗಳೂರು ಮೂಲದ ಐಶ್ವರ್ಯಾ ರೈ ನಟಿಸಿದರು. ಚಿಕಿತ್ಸೆಯ ಕೋಣೆಯ ಕಥೆ ಅಲ್ಲಿ ಬೇಗನೆ ತಂಗಿಯ ಮದುವೆಯ ಕಥೆಯಾಗಿ ಮಾರ್ಪಟ್ಟಿತು. ಇಬ್ಬರು ಅಪರಿಚಿತರ ನಡುವಿನ ವೃತ್ತಿಸಂಬಂಧಕ್ಕಿಂತ ಕುಟುಂಬದ ಬಂಧವೇ ಜನಪ್ರಿಯ ಹಿಂದಿ ಚಿತ್ರದ ವ್ಯಾಕರಣಕ್ಕೆ ಹೆಚ್ಚು ಒಗ್ಗುತ್ತಿತ್ತು.

ಈ ಸಾಲಿನ ಮುಂದಿನ ಪ್ರಮುಖ ಅಮೆರಿಕನ್ ಚಿತ್ರವಾದ ಪೀಟರ್ ಸೀಗಲ್ ನಿರ್ದೇಶನದ 2003ರ 'ಆ್ಯಂಗರ್ ಮ್ಯಾನೇಜ್‌ಮೆಂಟ್' ಜೋಡಿಯ ತಕ್ಕಡಿಯನ್ನು ಇನ್ನೊಮ್ಮೆ ತಿರುಗಿಸಿತು. 1975ರ 'ಒನ್ ಫ್ಲೂ ಓವರ್ ದ ಕುಕ್ಕೂಸ್ ನೆಸ್ಟ್' ಚಿತ್ರದಲ್ಲಿ ಆಸ್ಪತ್ರೆಯ ದಬ್ಬಾಳಿಕೆಯ ವಿರುದ್ಧ ಬಂಡೇಳುವ ರೋಗಿಯಾಗಿ ಆಸ್ಕರ್ ಪಡೆದ ಜ್ಯಾಕ್ ನಿಕಲ್ಸನ್ ಇಲ್ಲಿ ಕೋಪನಿಗ್ರಹದ ಚಿಕಿತ್ಸಕನಾಗಿದ್ದಾರೆ. ಕೆರಳಿ ಕೂಗಾಡುವ ಪಾತ್ರಗಳಿಂದ ಹೆಸರಾದ ಆ್ಯಡಂ ಸ್ಯಾಂಡ್ಲರ್ ಕೋಪವನ್ನೆಲ್ಲ ನುಂಗಿಕೊಂಡು ಬದುಕುವ ಸೌಮ್ಯ ರೋಗಿಯಾಗಿದ್ದಾರೆ. ಚಿಕಿತ್ಸೆಗೆ ಅವನು ತಾನಾಗಿ ಬಂದವನಲ್ಲ, ವಿಮಾನದಲ್ಲಿ ನಡೆದ ಕ್ಷುಲ್ಲಕ ಘಟನೆಗಾಗಿ ನ್ಯಾಯಾಲಯದ ಆದೇಶದಿಂದ ಬಂದವನು. ಚಿಕಿತ್ಸಕ ಕೋಣೆಯನ್ನು ಬಿಟ್ಟು ರೋಗಿಯ ಮನೆಗೇ ಬಂದು ಬಿಡಾರ ಹೂಡುತ್ತಾನೆ. ಕೊನೆಗೆ ಅವೆಲ್ಲವೂ ಯೋಜಿತ ನಾಟಕವೆಂದು ತಿಳಿಯುವುದರಿಂದ ಚಿತ್ರ ತನ್ನ ಪ್ರಶ್ನೆಯಿಂದ ಸುಲಭವಾಗಿ ನುಣುಚಿಕೊಳ್ಳುತ್ತದೆ. 'ಅನಲೈಜ್ ದಿಸ್' ಚಿತ್ರದಲ್ಲಿ ಇಬ್ಬರಿಗೂ ಅನಿರೀಕ್ಷಿತವಾಗಿ ಒದಗಿದ ಬದಲಾವಣೆ, ಇಲ್ಲಿ ಒಬ್ಬ ಬರೆದು ಇನ್ನೊಬ್ಬನ ಮೇಲೆ ಪ್ರಯೋಗಿಸಿದ ಪಾಠವಾಗಿಬಿಡುತ್ತದೆ.

ಡಾಕ್ಟರ್ ಡಿಪ್ಪಿಯಿಂದ ಬೆನ್ ಸೋಬೆಲ್‌ವರೆಗಿನ ಈ ಹಾದಿಯನ್ನು ಒಟ್ಟಾಗಿ ನೋಡಿದರೆ, ಹಾಸ್ಯಚಿತ್ರ ಮನೋವೈದ್ಯಕೀಯವನ್ನು ಅವಹೇಳನ ಮಾಡುತ್ತಲೇ ಬಂದಿದೆಯೆಂಬ ಸಾಮಾನ್ಯ ದೂರು ಅರ್ಧಸತ್ಯವೆಂದು ಕಾಣುತ್ತದೆ. ಅದು ಅಣಕಿಸಿದ್ದು ಕುರ್ಚಿಯ ಮೇಲಿರುವವನು ತಾನು ಮನುಷ್ಯನೇ ಅಲ್ಲವೆಂಬಂತೆ ವರ್ತಿಸಿದಾಗ: ಮಾರ್ವಿನ್‌ನ ಪ್ರತಿಷ್ಠೆಯನ್ನು, ಫಾಸ್‌ಬೆಂಡರ್‌ನ ಬೂಟಾಟಿಕೆಯನ್ನು. ಕೇಳುವವನು ನಿಜವಾಗಿ ಕೇಳಿದಾಗ ಆ ಪರಂಪರೆ ಅವನ ಪರವಾಗಿಯೇ ನಿಂತಿದೆ. ಮನೋವೈದ್ಯನ ಬಳಿಗೆ ಹೋಗುವುದನ್ನು ಹುಚ್ಚಿನ ಪ್ರಮಾಣಪತ್ರವೆಂದು ಭಾವಿಸುವವರು, ಅದರಲ್ಲೂ ಅಳುವುದನ್ನು ಸೋಲೆಂದು ಬಗೆಯುವ ಗಂಡಸರು, ಯಾವ ಸಮಾಜದಲ್ಲೂ ಕಡಿಮೆಯಿಲ್ಲ. ಅಂಥ ಪ್ರೇಕ್ಷಕನಿಗೆ ಉಪದೇಶದ ಚಿತ್ರ ತಲುಪಲಾರದು, ಏಕೆಂದರೆ ಅವನು ಆ ಚಿತ್ರಮಂದಿರದತ್ತ ಸುಳಿಯುವುದೇ ಇಲ್ಲ. ಮಾಫಿಯಾ ದೊರೆಯೊಬ್ಬನ ಹಾಸ್ಯಕಥೆಯೆಂದು ಟಿಕೆಟ್ ಕೊಂಡು ಒಳಬಂದ ಅವನು, ತಾನು ದಶಕಗಳಿಂದ ಮೆಚ್ಚಿಕೊಂಡ ಅತ್ಯಂತ ಗಟ್ಟಿಗ ನಟ ತನ್ನ ಭಯವನ್ನು ಭಯವೆಂದು ಒಪ್ಪಿಕೊಂಡು ನೆರವು ಕೇಳುವುದನ್ನು ನೋಡಿದನು, ನಕ್ಕನು, ಹಾಗೆ ಕೇಳಿದ ಮಾತ್ರಕ್ಕೆ ಆ ನಟ ಅವನ ಕಣ್ಣಲ್ಲಿ ಸಣ್ಣವನಾಗಲಿಲ್ಲ. ತಾಳೆಯಾಗದ ಇಬ್ಬರನ್ನು ಎದುರುಬದುರು ಕೂರಿಸುವ ಈ ಸರಳ ಹೂಟದ ಚಾರಿತ್ರಿಕ ಸಾಧನೆ ಇದೇ ಆಗಿದೆ: ನೆರವು ಕೇಳುವವನ ಮತ್ತು ನೆರವು ನೀಡುವವನ ನಡುವೆ ಮೇಲುಕೀಳಿಲ್ಲವೆಂಬುದನ್ನು, ವಾದದಿಂದ ಒಪ್ಪಿಸಲಾಗದವರಿಗೂ ಅದು ನಗೆಯ ಮೂಲಕ ಮನಗಾಣಿಸಿತು.